ಗರ್ಭಿಣಿಗೆ ಖಿನ್ನತೆಯ ಮಾತ್ರೆ, ಮಗುವಿಗೆ ಹೃದಯದ ತೊಂದರೆ: ಕಾನೂನಿನ ಮೊರೆ ಹೋಗುವುದು ಹೇಗೆ?

ಈಗ ಗರ್ಭಿಣಿಯಾಗಿದ್ದು ಖಿನ್ನತೆಗೆ ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ಹೆದರಿ ಮಾತ್ರೆ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಮಗುವಿಗೆ ಈಗಾಗಲೇ ತೊಂದರೆ ಕಂಡು, ಮಾತ್ರೆಯ ಮೇಲೆ ಅನುಮಾನ ಬಂದಿರುವ ಮನೆಯವರಿಗಾಗಿ ಈ ಲೇಖನ.

ಖಿನ್ನತೆಯ ಮಾತ್ರೆಗಳಲ್ಲಿ ಹೆಚ್ಚು ಅನುಮಾನಕ್ಕೆ ಗುರಿಯಾದದ್ದು ಪ್ಯಾರೊಕ್ಸೆಟಿನ್. ಮೊದಲ ಮೂರು ತಿಂಗಳಲ್ಲಿ ಇದನ್ನು ನುಂಗಿದರೆ ಮಗುವಿಗೆ ಹೃದಯದ ದೋಷ ಬರುವ ಸಾಧ್ಯತೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಎಚ್ಚರಿಸಿತು. 2009ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಒಂದು ಕುಟುಂಬಕ್ಕೆ 25 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಇನ್ನೊಂದು ಖಿನ್ನತೆಯ ಮಾತ್ರೆ ಸರ್ಟ್ರಾಲಿನ್‌ನ ಕಥೆ ಬೇರೆ. 2016ರಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ಕೋರ್ಟಿನಲ್ಲಿ ಆ ದಾವೆಗಳು ಬಿದ್ದುಹೋದವು. ಮಾತ್ರೆಯಿಂದಲೇ ದೋಷ ಬಂತೆನ್ನಲು ತಜ್ಞರ ಸಾಕ್ಷ್ಯ ನಿಲ್ಲಲಿಲ್ಲ. ಯಾವ ಮಾತ್ರೆಯನ್ನೂ ನುಂಗದ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲೂ ನೂರರಲ್ಲಿ ಸುಮಾರು ಒಂದಕ್ಕೆ ಹೃದಯದ ದೋಷ ಇರುತ್ತದೆ. ನಮ್ಮಲ್ಲೂ ಮೊದಲು ಎದುರಾಗುವ ತಕರಾರು ಇದೇ.

ಆದ್ದರಿಂದ ವಕೀಲರಿಗಿಂತ ಮೊದಲು ತಾರೀಖುಗಳನ್ನು ಹಿಡಿಯಿರಿ. ಕೊನೆಯ ಮುಟ್ಟಿನ ದಿನ, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಗರ್ಭಿಣಿಯೆಂದು ವೈದ್ಯರಿಗೆ ತಿಳಿಸಿದ್ದು ಯಾವಾಗ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಕೊನೆಯ ಮುಟ್ಟಿನಿಂದ ಎಣಿಸಿದರೆ ಸುಮಾರು ಹತ್ತನೇ ವಾರದೊಳಗೆ ಹೃದಯ ರೂಪುಗೊಂಡಿರುತ್ತದೆ. ಏಳನೇ ತಿಂಗಳಲ್ಲಿ ಶುರುವಾದ ಮಾತ್ರೆಯನ್ನು ಹೃದಯದ ರಂಧ್ರಕ್ಕೆ ದೂರಲಾಗದು.

ಚೀಟಿ, ಮೆಡಿಕಲ್ ಶಾಪ್ ಬಿಲ್, ತಾಯಿ ಕಾರ್ಡ್, ಸ್ಕ್ಯಾನ್ ಮತ್ತು ಮಗುವಿನ ಎಕೊ (ಹೃದಯದ ಸ್ಕ್ಯಾನ್) ವರದಿ ಜೋಡಿಸಿಡಿ. ಒಳರೋಗಿ ದಾಖಲೆಯನ್ನು ಬರಹದಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ವೈದ್ಯರು ಅದನ್ನು ಕಾಯ್ದಿಡಬೇಕಾದದ್ದು 3 ವರ್ಷ ಮಾತ್ರ, ತಡಮಾಡಬೇಡಿ. ಸೋದರ ಸಂಬಂಧದ ಮದುವೆ, ತಾಯಿಯ ಸಕ್ಕರೆ ಕಾಯಿಲೆ, ವಂಶವಾಹಿ ದೋಷ ಇವನ್ನು ಎದುರು ಪಕ್ಷ ಎತ್ತಿಯೇ ಎತ್ತುತ್ತದೆ. ಮಗುವಿಗೆ ಜೆನೆಟಿಕ್ ಪರೀಕ್ಷೆ ಬೇಕೇ ಎಂದು ಮಕ್ಕಳ ಹೃದ್ರೋಗ ತಜ್ಞರನ್ನು ಮೊದಲೇ ಕೇಳಿಬಿಡಿ. ಔಷಧದ ಅಡ್ಡಪರಿಣಾಮವೆಂಬ ಅನುಮಾನವನ್ನು ಅದಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ತಿಳಿಸಿ. ಇದರಿಂದ ಪರಿಹಾರ ಸಿಗುವುದಿಲ್ಲ, ಆದರೆ ದಾಖಲೆಯಾಗುತ್ತದೆ.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಅವಧಿ 2 ವರ್ಷ. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಬಹಳ ಜನ ಎಡವುವುದು ಇಲ್ಲಿ: ಯಾವ ಆಯೋಗ ಎನ್ನುವುದನ್ನು ನೀವು ಕೇಳುವ ಪರಿಹಾರವಲ್ಲ, ಚಿಕಿತ್ಸೆಗೆ ಕೊಟ್ಟ ಹಣ ನಿರ್ಧರಿಸುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ.

ಮಗುವಿಗೆ ಊನವಾಯಿತು ಎನ್ನುವುದೊಂದೇ ನಿರ್ಲಕ್ಷ್ಯಕ್ಕೆ ಪುರಾವೆಯಲ್ಲ. ಗರ್ಭಿಣಿಯೆಂದು ಗೊತ್ತಿದ್ದೂ ಅಪಾಯ ತಿಳಿಸಲಿಲ್ಲ, ಬದಲಿ ಮಾತ್ರೆಯ ಮಾತೆತ್ತಲಿಲ್ಲ ಎಂದು ಚೀಟಿಯಿಂದಲೇ ತೋರಿಸಬಲ್ಲ ದೂರಿಗೆ ಬಲ ಹೆಚ್ಚು. ಸ್ವತಂತ್ರ ತಜ್ಞರ ಲಿಖಿತ ಅಭಿಪ್ರಾಯ ಲಗತ್ತಿಸಿ. ಕಂಪನಿಯ ಮೇಲೂ ದೂರಬಹುದು. ಆದರೆ ವೈದ್ಯರ ಚೀಟಿಯ ಮೇಲೆ ಮಾರುವ ಔಷಧದ ಎಚ್ಚರಿಕೆಯನ್ನು ವೈದ್ಯರಿಗೆ ಮುಟ್ಟಿಸಿದ್ದೇವೆ ಎಂದು ತೋರಿಸಿದರೆ, ಎಚ್ಚರಿಸಲಿಲ್ಲವೆಂಬ ಆರೋಪದಿಂದ ಕಂಪನಿ ಪಾರಾಗಬಹುದು.

ಎಲ್ಲರಿಗೂ ಪೂರ್ತಿ ಉಚಿತವಾದ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕ ಆಯೋಗದ ದಾರಿ ಇಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಹುದೇ ಹೊರತು ಪರಿಹಾರ ಕೊಡಿಸದು. ವಕೀಲರ ಖರ್ಚಿಗೆ ಅಂಜಬೇಡಿ: ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರಿಗಾಗಿ ಅರ್ಜಿ ಹಾಕಬಹುದು. ಸಹಾಯವಾಣಿ 15100.