ಬದುವಿನ ಮ್ಯಾಲಿನ ಹಳದಿ ಹೂ ಹಕ್ಕರಕಿನೇ ಅಂತ ನಾ ಹೆಂಗ ಗುರ್ತು ಹಿಡಿದೆ

ಹಕ್ಕರಕಿ ಅಂದ್ರ ನಾವು ರೊಟ್ಟಿ ಜೋಡಿ ಹಸೀದೇ ತಿನ್ನೋ ಸೊಪ್ಪು. ನಮ್ಮ ಹೊಲ ಕಲಬುರಗಿ ಜಿಲ್ಲಾದ ಚಿತ್ತಾಪುರ ಕಡೆ, ತೊಗರಿ ಹೊಲ. ಬದುವಿನ ಮ್ಯಾಲ ಹಳದಿ ಹೂ ಕಂಡ್ರ ನಾ ಮೊದಲ ಹೂ ನೋಡಂಗಿಲ್ಲ, ಎಲಿ ಹರೀತೀನಿ. ಬಿಳಿ ಹಾಲು ಬಂತಂದ್ರ ಅರ್ಧ ಕೆಲಸ ಆದಂಗ. ಸೂರ್ಯಕಾಂತಿ, ಕುಸುಬಿ ಎಲ್ಲ ಹಕ್ಕರಕಿ ಕುಟುಂಬದವೇ ಖರೆ, ಆದ್ರ ಅವಕ್ಕ ಹಾಲಿಲ್ಲ. ಗಾಯಕ್ಕ ಎಲಿ ಅರೆದು ಹಚ್ತಾರಲ್ಲ ಟ್ರೈಡಾಕ್ಸ್, ಅದಕ್ಕೂ ಇಲ್ಲ.

ಆಮ್ಯಾಲ ಲೆನ್ಸ್ ಹಿಡಿದು ಹೂ ನೋಡ್ತೀನಿ. ನಾವು ಒಂದು ಹೂ ಅಂತೀವಲ್ಲ ಅದು ಸಣ್ಣ ಸಣ್ಣ ಹೂವಿನ ಗುಂಪು, ಸೂರ್ಯಕಾಂತಿಗಿ ಸುತ್ತ ಪಟ್ಟಿ ಹೂ ಇದ್ದು ನಡುವ ಕೊಳವಿ ಹೂ ಇರ್ತಾವ, ಹಕ್ಕರಕಿಗಿ ನಡುವಿನ ತನಕ ಎಲ್ಲಾ ಪಟ್ಟಿನೇ, ಒಂದೊಂದರ ತುದೀಗಿ ಐದು ಹಲ್ಲು. ಟ್ರೈಡಾಕ್ಸ್ ಸುತ್ತಿನ ಹೂವಿಗಿ ಮೂರೇ ಹಲ್ಲು.

ಖರೇ ತಲಿಬ್ಯಾನಿ ಸೋಂಕಸ್ ಅಂತ ಇನ್ನೊಂದು ಗಿಡದ್ದು. ಅದಕ್ಕೂ ಹಾಲು, ಅದೂ ಹಳದಿ, ಅದರದೂ ಬಿಳಿ ಹತ್ತಿಯಂಥ ಬೀಜ ಗಾಳಿಗಿ ಹಾರ್ತಾವ. ಇಲ್ಲಿ ಎಲಿ ನೋಡ್ಬೇಕು: ಸೋಂಕಸ್ ದಂಟು ಮ್ಯಾಲತನ ಎಲಿ ಇದ್ದು ದಂಟನ್ನ ತಬ್ಬಿಕೊಂಡಿರ್ತಾವ, ಹಕ್ಕರಕಿದು ಬಹಳಷ್ಟು ಎಲಿ ಬುಡದಾಗೇ ನೆಲಕ್ಕ ಅಂಟಿ ಹರಡಿರ್ತಾವ, ಅಂಚಿಗಿ ಸಣ್ಣ ಬಿಳಿ ಹಲ್ಲು, ಹೂವಿನ ದಂಟು ಹೆಚ್ಚುಕಮ್ಮಿ ಬೋಳು. ಹೂವಿನ ಹಿಂದಿನ ಹಸಿರು ಎಸಳಿಗಿ ಬಿಳಿ ತೆಳು ಅಂಚು ಇದ್ದದ್ದು ನೋಡಿದ ಮ್ಯಾಲೇ ಹಕ್ಕರಕಿಯ ಶಾಸ್ತ್ರೀಯ ಹೆಸರು ಲೌನಿಯಾ ಪ್ರೊಕಂಬೆನ್ಸ್ ಅಂತ ಬರ್ಕೊಂಡೆ. ಪ್ರೊಕಂಬೆನ್ಸ್ ಅಂತ ಮೊದಲ ಕರೆದಾವ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್, ಈಗಿನ ಹೆಸರು 1969ರಾಗ ರಾಮಯ್ಯ, ರಾಜಗೋಪಾಲ್ ಇಟ್ಟದ್ದು, ಅದಕ್ಕ ಹಳೇ ಪುಸ್ತಕದಾಗ ಹುಡುಕಿದ್ರ ಬ್ಯಾರೆ ಹೆಸರಿನ್ಯಾಗ ಸಿಗ್ತದ.

ನಮ್ಮ ದೊಡ್ಡವ್ವಗ ಇದ್ಯಾವ್ದೂ ಬೇಕಿಲ್ಲ ಬಿಡ್ರಿ, ಹೂ ಬಿಡೋಕಿಂತ ಮೊದಲೇ ಬುಡ ನೋಡಿ ಕಿತ್ತು, ತೊಳೆದು ರೊಟ್ಟಿ ಜೋಡಿ ಹಸೀದೇ ಇಡ್ತಾಳ. ಕಳೆನಾಶಕ ಹೊಡೆದ ಬದುವಿನದು ಮಾತ್ರ ತಿನ್ನಬ್ಯಾಡ್ರಿ.

ಒಂದು ಮಾತು, ನಮ್ಮ ಕಡೆ ಹಕ್ಕರಕಿ ಅನ್ನೋ ಒಂದೇ ಹೆಸರಿನ್ಯಾಗ ಒಂದಕ್ಕಿಂತ ಹೆಚ್ಚು ಗಿಡ ನಡೀತಾವ. ಕಲಬುರಗಿ ಕಣ್ಣಿ ಮಾರ್ಕೆಟಿನ ಸೂಡು ತೋರಿಸಿ ಇದ್ಯಾವ ಜಾತಿ ಅಂದ್ರ ನಾ ಹೇಳಂಗಿಲ್ಲ, ಅದ್ರಾಗ ಹೂವೇ ಇರಂಗಿಲ್ಲ. ಹೊಲದಾಗ ಒಂದು ಗಿಡ ಬೀಜ ಆಗೋತನ ಬಿಟ್ಟು ಫೋಟೋ ತೆಗೀರಿ, ಮ್ಯಾಲಿಂದ ಹೂವಿನ ಫೋಟೋ ಒಂದೇ ಸಾಲಂಗಿಲ್ಲ, ಹೂವಿನ ಹಿಂಬದಿ, ಎಲಿ, ಬುಡ ಎಲ್ಲಾ ಬರ್ಬೇಕು.