ಬ್ಲ್ಯಾಂಕ್‌ನಲ್ಲಿ ಡಿಎಂಎಫ್ ಪೀಕ್: ಜಿಸಿಯಲ್ಲಿ ಕ್ಯಾರಿಓವರ್ ಹುಡುಕಿದ ಬಗೆ

ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ (ಜಿಸಿ) ಸ್ಟ್ಯಾಂಡರ್ಡ್ (ಗೊತ್ತಿರುವ ಪ್ರಮಾಣದ ದ್ರಾವಣ) ಆದಮೇಲೆ ಹಾಕಿದ ಬ್ಲ್ಯಾಂಕ್‌ನಲ್ಲಿ (ಬರಿಯ ದ್ರಾವಕ) ಅದೇ ರಿಟೆನ್ಷನ್ ಟೈಮಿಗೆ (ವಸ್ತು ಕಾಲಮ್‌ನಿಂದ ಹೊರಬರುವ ಸಮಯ) ಪೀಕ್ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಸಿರಿಂಜಿಗೆ. ನಾನು ಬಿಡಿಭಾಗ ಮುಟ್ಟುವ ಮೊದಲು ಬ್ಲ್ಯಾಂಕ್‌ಗಳನ್ನೇ ವಿಚಾರಿಸುತ್ತೇನೆ.

ಇದು ಔಷಧದಲ್ಲಿ ಉಳಿದ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ) ಅಳೆಯುವ ಪರೀಕ್ಷೆ. ಔಷಧಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್‌ನ ಮಿತಿ 880 ಪಿಪಿಎಂ. 624 ಮಾದರಿಯ ಕಾಲಮ್, ಎಫ್‌ಐಡಿ (ಜ್ವಾಲೆಯ ಡಿಟೆಕ್ಟರ್), ಸ್ಪ್ಲಿಟ್‌ನಲ್ಲಿ (ಆವಿಯ ಒಂದು ಪಾಲು ಮಾತ್ರ ಕಾಲಮ್‌ಗೆ) 1 ಮೈಕ್ರೊಲೀಟರ್, ಇನ್ಲೆಟ್ (ಸ್ಯಾಂಪಲ್ ಆವಿಯಾಗುವ ಭಾಗ) 250 ಡಿಗ್ರಿ, ಒತ್ತಡ 10 ಪಿಎಸ್‌ಐ. ಸ್ಯಾಂಪಲ್ ಮೆಥನಾಲ್‌ನಲ್ಲಿ ಕರಗದೆ ಡೈಲ್ಯೂಯೆಂಟ್ (ಕರಗಿಸುವ ದ್ರವ) ನೀರಿಗೆ ಬದಲಾಗಿತ್ತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಸ್ಟ್ಯಾಂಡರ್ಡ್ ಹಿಂದೆಯೇ ಮೂರು ಬ್ಲ್ಯಾಂಕ್ ಹಾಕಿದೆ. ಪೀಕ್ ಒಂದೊಂದಕ್ಕೂ ಇಳಿಯುತ್ತ ಬಂತು, ಅಂದರೆ ಕ್ಯಾರಿಓವರ್, ಹಿಂದಿನ ಇಂಜೆಕ್ಷನ್‌ನ ಉಳಿಕೆ. ಮೂರರಲ್ಲೂ ಒಂದೇ ಎತ್ತರ ನಿಂತಿದ್ದರೆ ಡೈಲ್ಯೂಯೆಂಟ್, ವಯಲ್, ಇಲ್ಲವೇ ಗ್ಯಾಸ್ ನೋಡಬೇಕಿತ್ತು. ಅಕ್ಕಪಕ್ಕದ ಪೀಕ್‌ಗಿಂತ ತೀರ ಅಗಲವಾಗಿದ್ದರೆ ಹಿಂದಿನ ರನ್‌ನಲ್ಲಿ ಹೊರಬೀಳದೆ ಉಳಿದದ್ದು. ಅದಕ್ಕೆ ರನ್ ಟೈಮ್ ಹೆಚ್ಚಿಸಿದರೆ ಸಾಕು.

ಮುಂದೆ ಏನೂ ಇಂಜೆಕ್ಟ್ ಮಾಡದೆ ಓವನ್ ಪ್ರೋಗ್ರಾಮ್ ಓಡಿಸಿದೆ: ಬೇಸ್‌ಲೈನ್ ಸ್ವಚ್ಛ. ಹೊಸ ಸಿರಿಂಜ್‌ನಿಂದ ಕೈಯಲ್ಲೇ ನೀರು ಹಾಕಿದೆ: ಪೀಕ್ ಬಂತು! ಕಾಲಮ್ ಶುದ್ಧ, ಸಿರಿಂಜ್ ನಿರಪರಾಧಿ. ಆವಿ ಉಕ್ಕಿದಾಗ ಮಾತ್ರ ಇನ್ಲೆಟ್‌ನ ಯಾವುದೋ ಮೂಲೆಯಿಂದ ಡಿಎಂಎಫ್ ಹೊರಬರುತ್ತಿದೆ.

ಲೆಕ್ಕ ಹಾಕಿದರೆ ಕಾರಣ ಅಲ್ಲೇ ಇತ್ತು. 250 ಡಿಗ್ರಿ, 10 ಪಿಎಸ್‌ಐನಲ್ಲಿ 1 ಮೈಕ್ರೊಲೀಟರ್ ಮೆಥನಾಲ್ ಆವಿಯಾದರೆ ಸುಮಾರು 630 ಮೈಕ್ರೊಲೀಟರ್. ನೀರಾದರೆ ಸುಮಾರು 1400! 4 ಮಿಮೀ ಒಳವ್ಯಾಸದ ಲೈನರ್ (ಇನ್ಲೆಟ್ ಒಳಗಿನ ಗಾಜಿನ ಕೊಳವೆ) ಹಿಡಿಯುವುದು 900ರ ಆಸುಪಾಸು. ಮಿಕ್ಕದ್ದು ಹಾಲು ಉಕ್ಕಿದ ಹಾಗೆ ಮೇಲಕ್ಕೆ ಹತ್ತಿ, ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಮುಚ್ಚಳ) ತಳಕ್ಕೆ, ಸೆಪ್ಟಮ್ ಪರ್ಜ್ (ಅದರ ಕೆಳಗೆ ಹಾಯುವ ಗ್ಯಾಸ್) ಮತ್ತು ಕ್ಯಾರಿಯರ್ ಗ್ಯಾಸ್ ಕೊಳವೆಗಳಿಗೆ ನುಗ್ಗಿ ತಣ್ಣಗಾಗಿ ಕೂರುತ್ತದೆ. ಬೇಕ್‌ಔಟ್ (ಓವನ್ ಜೋರಾಗಿ ಕಾಯಿಸುವುದು) ಮಾಡಿದರೆ ಹೋಗುತ್ತೆ ಅನ್ನುವವರಿದ್ದಾರೆ. ಕಾಲಮ್ ಬಿಸಿಯಾಗುತ್ತದೆ, ಆ ಕೊಳವೆಗಳು ತಣ್ಣಗೇ ಇರುತ್ತವೆ.

ಓವನ್, ಇನ್ಲೆಟ್ ಎರಡನ್ನೂ 50 ಡಿಗ್ರಿಗಿಂತ ಕೆಳಗಿಳಿಸಿ ಬಿಚ್ಚಿದೆ. ಲೈನರ್‌ನ ಗಾಜಿನ ಉಣ್ಣೆಯ ಮೇಲೆ ಕರಿಚುಕ್ಕೆಗಳಂತೆ ಸೆಪ್ಟಮ್ ಚೂರುಗಳು ಕೂತಿದ್ದವು. ಇವೂ ಸ್ಯಾಂಪಲ್ ಹೀರಿ ನಿಧಾನ ಬಿಡುತ್ತವೆ. ಲೈನರ್, ಓ-ರಿಂಗ್, ಸೆಪ್ಟಮ್, ಗೋಲ್ಡ್ ಸೀಲ್ (ಇನ್ಲೆಟ್ ತಳದ ಸೀಲ್) ನಾಲ್ಕೂ ಹೊಸದು. ಇನ್ಲೆಟ್ ಒಳಗೋಡೆಯನ್ನು ನಾರು ಬಿಡದ ಸ್ವ್ಯಾಬ್‌ಗೆ ಮೆಥನಾಲ್ ಹಚ್ಚಿ ಒರೆಸಿದೆ. ಸ್ಪ್ಲಿಟ್ ವೆಂಟ್ ಮತ್ತು ಪರ್ಜ್ ಕೊಳವೆಗಳನ್ನು ಕಳಚಿ ಮೆಥನಾಲ್, ಆಮೇಲೆ ಅಸಿಟೋನ್ ಹಾಯಿಸಿ ನೈಟ್ರೋಜನ್‌ನಲ್ಲಿ ಒಣಗಿಸಿದೆ. ಸ್ಪ್ಲಿಟ್ ಲೈನಿನ ಇದ್ದಿಲು ಟ್ರ್ಯಾಪ್ ಬದಲಾಯಿಸುವುದನ್ನು ಬಹಳ ಜನ ಮರೆಯುತ್ತಾರೆ. ಕಾಲಮ್‌ನ ಇನ್ಲೆಟ್ ತುದಿ 10 ಸೆಂಮೀ ಕತ್ತರಿಸಿದೆ. ಜೋಡಿಸಿ, ಲೀಕ್ ನೋಡಿ, ಗ್ಯಾಸ್ 15 ನಿಮಿಷ ಹರಿಸಿದ ಮೇಲಷ್ಟೇ ಬಿಸಿ ಕೊಟ್ಟದ್ದು. ಗ್ಯಾಸ್ ಇಲ್ಲದೆ ಕಾಯಿಸಿದರೆ ಕಾಲಮ್ ಕೆಟ್ಟಂತೆಯೇ.

ಮೆಥಡ್ ಹಾಗೇ ಬಿಟ್ಟರೆ ಈ ತೊಳೆತವೆಲ್ಲ ವ್ಯರ್ಥ. ಅರ್ಧ ಮೈಕ್ರೊಲೀಟರ್ ಇಂಜೆಕ್ಟ್ ಮಾಡಿದರೆ ಆವಿ 700 ಚಿಲ್ಲರೆ. ಆದರೆ ಸಂವೇದನೆಯೂ ಅರ್ಧವಾಗುತ್ತದೆ. ಹಾಗಾಗಿ ಇಂಜೆಕ್ಷನ್ ಹೊತ್ತಿಗೆ ಅರ್ಧ ನಿಮಿಷ 30 ಪಿಎಸ್‌ಐ ಪಲ್ಸ್ ಕೊಟ್ಟೆ; 1 ಮೈಕ್ರೊಲೀಟರ್ ನೀರು 780ರಷ್ಟಕ್ಕೆ ಇಳಿದು ಲೈನರ್‌ನೊಳಗೇ ನಿಲ್ಲುತ್ತದೆ. ಸೆಪ್ಟಮ್ ಪರ್ಜ್ ನಿಮಿಷಕ್ಕೆ 3 ಎಂಎಲ್ ಇದೆಯೇ ಎಂದು ಫ್ಲೋಮೀಟರ್ ಹಿಡಿದು ಅಳೆದೆ. ಪರದೆಯ ಮೇಲಿನ ಅಂಕಿಯನ್ನು ನಂಬಲಿಲ್ಲ.

ಸಿರಿಂಜ್ ವಾಶ್ ಕೂಡ ಬಿಗಿ ಮಾಡಿದ್ದೇನೆ: ಇಂಜೆಕ್ಷನ್ ನಂತರ ಮೊದಲು ನೀರಿನಲ್ಲಿ 4 ಸಲ, ಆಮೇಲೆ ಮೆಥನಾಲ್‌ನಲ್ಲಿ 4 ಸಲ, 10 ಮೈಕ್ರೊಲೀಟರ್ ಸಿರಿಂಜಿನಲ್ಲಿ 8ರಷ್ಟು ಎಳೆದು. ಸೂಜಿಯ ಹೊರಮೈ ಅದ್ದಿ ಅದ್ದಿ ವಾಶ್ ವಯಲ್ಲೇ ಕೊಳೆಯಾಗುತ್ತದೆ, ಆದ್ದರಿಂದ ಪ್ರತಿ ಸೀಕ್ವೆನ್ಸ್‌ಗೂ ಹೊಸದಾಗಿ ತುಂಬುವುದು.