ಒಂದು ನಾಟಕದ ಹಾಡನ್ನು ಹಲವು ಕಂಠಗಳಲ್ಲಿ ಕೇಳುವ ಬಗೆ

ಹಾಡು ನಾಟಕದ್ದಾದರೆ ಮೊದಲು ಸೀನು ತಿಳಿದುಕೊಳ್ಳಿ, ಆಮೇಲೆ ಧಾಟಿ. ಪೇಟಿ ಕಲಿಯಲು ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಹೇಳುವ ಮೊದಲ ಮಾತೇ ಇದು. ಬಳ್ಳಾರಿ ಸುತ್ತಮುತ್ತ ಜಾತ್ರೆ ನಾಟಕಗಳಿಗೆ ಪೇಟಿ ನುಡಿಸುತ್ತಾ ಬಂದವನು ನಾನು. ಪಾತ್ರ ಅಳುತ್ತಿದೆಯೋ, ಅಳು ನುಂಗುತ್ತಿದೆಯೋ ಗೊತ್ತಿಲ್ಲದೆ ಸ್ವರ ಒತ್ತಿದರೆ ಹಾಡು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಕಲಿಸಲು ನಾನು ಆರಿಸಿಕೊಳ್ಳುವುದು ಅಮೆರಿಕದ ಹಾಡು, 'ಸಮ್ಮರ್‌ಟೈಮ್'. ನಮ್ಮ ರಂಗಗೀತೆ ಬಿಟ್ಟು ಅದ್ಯಾಕೆ ಅಂತ ಕೇಳಬಹುದು. ಅದರ ಹಳೆಯ ರೆಕಾರ್ಡುಗಳು ಉಳಿದಿವೆ, ಫೋನಿನಲ್ಲೇ ಸಿಗುತ್ತವೆ. ನಮ್ಮ ಕಂಪನಿ ನಾಟಕದ ಎಷ್ಟೋ ಹಾಡುಗಳು ಹಾಡಿದವರ ಜೊತೆಗೇ ಹೋದವು.

ಈಗ ಸೀನು. ನಾಟಕದ ಹೆಸರು 'ಪೋರ್ಗಿ ಆ್ಯಂಡ್ ಬೆಸ್'. ಸಂಗೀತ ಜಾರ್ಜ್ ಗರ್ಶ್ವಿನ್ ಅವರದು. ಈ ಹಾಡಿನ ಸಾಹಿತ್ಯ ಡ್ಯೂಬೋಸ್ ಹೇವರ್ಡ್ ಅವರದು. ನ್ಯೂಯಾರ್ಕಿನಲ್ಲಿ ಪರದೆ ಎದ್ದದ್ದು 1935ರ ಅಕ್ಟೋಬರ್ 10ಕ್ಕೆ. ಆಗಿನ್ನೂ ನಮ್ಮ ಹೆಸರಾಂತ ನಟ ಬಳ್ಳಾರಿ ರಾಘವರು ಬದುಕಿದ್ದರು. ಕಥೆ ನಡೆಯುವುದು ಚಾರ್ಲ್ಸ್‌ಟನ್ ಎಂಬ ಕಡಲೂರಿನ ಬಡ ಕಪ್ಪು ಜನರ ಕೇರಿಯಲ್ಲಿ. ಕ್ಲಾರಾ ಎಂಬ ಎಳೆಯ ತಾಯಿ ಕೂಸನ್ನು ಮಲಗಿಸುತ್ತಾ ಹಾಡುತ್ತಾಳೆ. ಬೇಸಿಗೆ ಬಂದಿದೆ, ಬದುಕು ಹಗುರವಾಗಿದೆ, ಮೀನು ಜಿಗಿಯುತ್ತಿವೆ, ಹತ್ತಿ ಎತ್ತರಕ್ಕೆ ಬೆಳೆದಿದೆ, ನಿಮ್ಮಪ್ಪ ಸಾಹುಕಾರ ಅಂತ. ಅಪ್ಪ ಮೀನುಗಾರ, ಸಾಹುಕಾರನೇನಲ್ಲ. ತಾಯಿ ಕೂಸಿಗೆ ಹೇಳುವ ಈ ಸುಳ್ಳಿನಲ್ಲೇ ಹಾಡಿನ ಜೀವ ಇದೆ.

ನಮ್ಮ ಮಕ್ಕಳು ಇಲ್ಲೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬೇಸಿಗೆಯಲ್ಲಿ ಬದುಕು ಹಗುರ ಆಗೋದು ಹೇಗೆ ಸರ್? ಎರೆಹೊಲದ ಹತ್ತಿ ನೋಡಿ ಬೆಳೆದ ಮಕ್ಕಳು. ಇಲ್ಲಿ ಬೇಸಿಗೆ ಹೊತ್ತಿಗೆ ಹತ್ತಿ ಬಿಡಿಸಿ ಮುಗಿದು ಹೊಲ ಬರಿದಾಗಿರುತ್ತದೆ. ಅಲ್ಲಿ ಬೇಸಿಗೆ ಅಂದರೆ ಹೊಲದಲ್ಲಿ ಬೆಳೆ ಎದ್ದು ನಿಂತಿರುವ ಕಾಲ ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಹಾಡಿನ ನೆಮ್ಮದಿ ಅವರಿಗೆ ಮುಟ್ಟುವುದಿಲ್ಲ.

ಎರಡನೆಯ ಕೆಲಸ, ಅದೇ ನಾಟಕದೊಳಗೆ ಹಾಡು ಮತ್ತೆ ಎಲ್ಲಿ ಬರುತ್ತದೆ ಅಂತ ಹುಡುಕುವುದು. ಬಿರುಗಾಳಿ ಬೀಸುವಾಗ, ಗಂಡ ದೋಣಿಯಲ್ಲಿ ಕಡಲಿಗೆ ಹೋಗಿರುವಾಗ ಕ್ಲಾರಾ ಇದನ್ನೇ ಮತ್ತೆ ಹಾಡುತ್ತಾಳೆ. ಆ ಗಾಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಕೊನೆಯ ಅಂಕದಲ್ಲಿ ತಬ್ಬಲಿ ಕೂಸನ್ನು ಎತ್ತಿಕೊಂಡು ಬೆಸ್ ಅದೇ ಹಾಡು ಹಾಡುತ್ತಾಳೆ. ಅದೇ ಮಾತು, ಅದೇ ಧಾಟಿ. ಆದರೆ ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ. ಈ ಹಾಡನ್ನು ಇನ್ನೊಂದು ಕಂಠ ಎತ್ತಿಕೊಂಡದ್ದು ನಾಟಕದ ಒಳಗೇ ಅಲ್ವಾ? ಇದು ಗೊತ್ತಾದ ಮೇಲೆ ಹೊರಗಿನವರು ಹಾಡಿದ್ದನ್ನು ಕೇಳುವ ಕಿವಿಯೇ ಬೇರೆ ಆಗುತ್ತದೆ.

ಈಗ ಪೇಟಿ ತೆಗೆಯಿರಿ. ನಿಮಗೆ ಹೊಂದುವ ಶ್ರುತಿಯಲ್ಲಿ ಸ ಹಿಡಿಯಿರಿ. ಗ, ನಿ ಎರಡೂ ಕೋಮಲ, ಅಂದರೆ ಅರ್ಧ ಸ್ವರ ತಗ್ಗಿಸಿದವು. ಮೊದಲ ಸಾಲು ಹೀಗೆ: ಪ ಗ ಪ, ಮ ಗ ಮ ಪ ಗ ಸ, ಆಮೇಲೆ ಮಂದ್ರದ, ಅಂದರೆ ಕೆಳಗಿನ ಸಪ್ತಕದ ಪ. ಮೊದಲ ಪ ಹಿಡಿದು ನಿಲ್ಲಿಸಿ, ಅವಸರ ಬೇಡ. ಕೊನೆಯ ಮಂದ್ರ ಪ ಮೇಲೆ ಬಾತೆಯನ್ನು, ಅಂದರೆ ಪೇಟಿಗೆ ಗಾಳಿ ತುಂಬುವ ತಿದಿಯನ್ನು, ಮೆತ್ತಗೆ ಬಿಡಿ. ಎರಡನೆಯ ಸಾಲು ಶುದ್ಧ ರಿ ಮೇಲೆ ನಿಲ್ಲುತ್ತದೆ, ಮಾತು ಮುಗಿಯದೇ ನಿಂತ ಹಾಗೆ ಕೇಳಿಸುತ್ತದೆ. ದ ಎಲ್ಲೂ ಇಲ್ಲ. ಮಂದ್ರ ಪಂಚಮದಿಂದ ಮಧ್ಯ ಪಂಚಮದವರೆಗೆ, ಒಂದು ಸಪ್ತಕದಲ್ಲಿ ಇಡೀ ಧಾಟಿ ಮುಗಿಯುತ್ತದೆ. ಸ್ವರ ಕಮ್ಮಿ ಇರುವುದಕ್ಕೇ ಇದನ್ನು ಯಾರು ಬೇಕಾದರೂ ತಮ್ಮದು ಮಾಡಿಕೊಳ್ಳಬಹುದು ಅಂತ ನನ್ನ ಅಭಿಪ್ರಾಯ. ಇದೇ ಕೋಮಲ ಗ, ನಿ ಇರುವ 'ಧಾನಿ' ರಾಗ ಗೊತ್ತಿರುವವರಿಗೆ ದಾರಿ ಅರ್ಧ ತಿಳಿದ ಹಾಗೇ.

ಆಮೇಲೆ ರೆಕಾರ್ಡುಗಳು. ಸಾವಿರಾರು ಇವೆ, ಎಲ್ಲಾ ಬೇಡ. ಮೊದಲು ಆ್ಯಬಿ ಮಿಚೆಲ್. ನ್ಯೂಯಾರ್ಕಿನಲ್ಲಿ ಕ್ಲಾರಾ ಪಾತ್ರ ಮಾಡಿದವರು ಅವರೇ. 1935ರ ತಾಲೀಮಿನ ರೆಕಾರ್ಡು ಉಳಿದಿದೆ. ನಂತರ ಗಾಯಕಿ ಬಿಲ್ಲಿ ಹಾಲಿಡೇ 1936ರಲ್ಲಿ ಹಾಡಿದ್ದು. ಲಯ ಚುರುಕಾಗುತ್ತದೆ, ತೊಟ್ಟಿಲು ಹಿಂದೆ ಸರಿಯುತ್ತದೆ. 1939ರಲ್ಲಿ ಸಿಡ್ನಿ ಬೆಶೆ ಮಾತೇ ಇಲ್ಲದೆ ಸ್ಯಾಕ್ಸೋಫೋನಿನಲ್ಲಿ ನುಡಿಸಿದರು. ಮಾತು ಹೋದರೂ ತಾಯಿ ಉಳಿದಿದ್ದಾಳೋ ಇಲ್ಲವೋ ಅಂತ ಇಲ್ಲಿ ನೋಡಿ. 1957ರಲ್ಲಿ ಗಾಯಕಿ ಎಲಾ ಫಿಟ್ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಕೂಡಿ ಹಾಡಿದರು. ಆಕೆಯದು ಬೆಣ್ಣೆಯಂಥ ಕಂಠ, ಲೂಯಿ ಅವರದು ಗೊಗ್ಗರು. ಕೂಸಿಗೆ ಅಪ್ಪನೂ ಸಿಕ್ಕ ಅನ್ನಿಸುತ್ತದೆ. ನನಗೆ ಇದೇ ಎಲ್ಲಕ್ಕಿಂತ ಹತ್ತಿರ. 1968ರ ಜಾನಿಸ್ ಜಾಪ್ಲಿನ್ ಅವರದು ಕೊನೆಗಿರಲಿ. ಗಿಟಾರುಗಳ ನಡುವೆ ಆಕೆ ಹಾಡುವಾಗ ಕೂಸಿಗಿಂತ ಜಾಸ್ತಿ ಅಳುವುದು ತಾಯಿಯೇ. ಮಕ್ಕಳು ಮೊದಲು ಮುಖ ಕಿವುಚುತ್ತಾರೆ. ಬಿರುಗಾಳಿಯ ಸೀನು ನೆನಪಿಸಿ, ಮತ್ತೆ ಕೇಳಿಸಿ.

ಒಂದೇ ಕೂರಿಕೆಯಲ್ಲಿ ಪೂರ್ತಿ ಕೇಳಬೇಡಿ. ಪ್ರತಿಯೊಬ್ಬರದ್ದೂ ಮೊದಲ ಎರಡು ಸಾಲು ಸಾಕು. ನೋಟ್‌ಬುಕ್ಕಿನಲ್ಲಿ ಬರೆಯಿರಿ: ಲಯ ಎಷ್ಟು, ಆ ಮಂದ್ರ ಪ ಮುಟ್ಟಿದರೋ ಬಿಟ್ಟರೋ, ರಿ ಮೇಲೆ ಎಷ್ಟು ಹೊತ್ತು ನಿಂತರು, ಕೂಸು ಮಲಗುತ್ತದೋ ಏಳುತ್ತದೋ.

ಇಷ್ಟು ರೂಢಿಯಾದ ಮೇಲೆ ನಮ್ಮ ಹಾಡಿಗೆ ಬನ್ನಿ. ತಡ ಮಾಡಬೇಡಿ. ರಂಗಗೀತೆಗೆ ಹೆಸರಾದ ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ 2020ರಲ್ಲಿ ತೀರಿಕೊಂಡರು. ಕಂಪನಿಗಳಲ್ಲಿ ದುಡಿದ ಅಕ್ಕ ಅಜ್ಜಿಯರು ಇನ್ನೂ ಇದ್ದಾರೆ. ನಿಮ್ಮ ಓಣಿಯಲ್ಲೂ ಇರಬಹುದು. ಒಂದು ಹಾಡು ಆರಿಸಿ, ಅವರ ಮನೆಗೆ ಹೋಗಿ. ಸುಮ್ನೆ 'ಒಂದು ಹಾಡು ಹೇಳ್ರಿ' ಅನ್ನಬೇಡಿ. 'ಅಮ್ಮಾ, ಈ ಹಾಡಿಗಿಂತ ಮುಂಚೆ ಸ್ಟೇಜಿನ ಮೇಲೆ ಏನ್ ನಡೀತಿತ್ರಿ?' ಅಂತ ಕೇಳಿ. ಹಿಂದಿನ ಮಾತು ಬಂದರೆ ಹಾಡು ತಾನಾಗಿ ಬರುತ್ತದೆ. ಫ್ಯಾನ್ ಆಫ್ ಮಾಡಿಸಿ, ರೆಕಾರ್ಡ್ ಮಾಡುವ ಫೋನನ್ನು ಪೇಟಿಯ ಮೇಲಿಡಬೇಡಿ, ಬಾತೆಯ ಸದ್ದು ಕಂಠವನ್ನು ನುಂಗುತ್ತದೆ. ಶ್ರುತಿ, ತಾಳ, ನಾಟಕದ ಹೆಸರು, ಯಾರಿಂದ ಕಲಿತರು, ಒನ್ಸ್ ಮೋರ್ ಬಿದ್ದರೆ ಎಲ್ಲಿಂದ ಎತ್ತುತ್ತಿದ್ದರು ಅಂತ ಅಲ್ಲೇ ಬರೆದುಕೊಳ್ಳಿ. ರೆಕಾರ್ಡಿನ ಒಂದು ಪ್ರತಿಯನ್ನು ಅವರ ಮನೆಯವರ ಫೋನಿಗೆ ಹಾಕಿಕೊಟ್ಟೇ ಹೊರಡಿ.